ತೊಳೆದ ಜೋಳ

ವನದುರ್ಗ
೨೮ ಜನವರಿ ೨೦೨೫

ಪ್ರೀತಿಯ ಫಿರೋಜ್,

ನೀನೂ ರುಕ್ಸಾನಾನೂ ಕ್ಷೇಮವೆಂದು ನಂಬಿದ್ದೇನೆ. ಭರತಪುರದಲ್ಲಿ ಈ ಸಲ ಚಳಿ ವಿಪರೀತವಂತೆ, ಪೇಪರಿನಲ್ಲಿ ಓದಿದೆ. ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕಿರಿ.

ಹನ್ನೊಂದು ದಿನದಲ್ಲಿ ನೀನು ಹದಿನಾಲ್ಕು ಸಲ ಫೋನ್ ಮಾಡಿದ್ದೀಯ. ನಾನು ಒಂದನ್ನೂ ಎತ್ತಲಿಲ್ಲ. ಸಿಟ್ಟಾಗಬೇಡ ಎನ್ನುವ ಮುಖ ನನಗಿಲ್ಲ, ಆಗು. ನಿನ್ನ ದನಿ ಕೇಳಿದ್ದರೆ ನಾನು ಸುಳ್ಳು ಹೇಳಿಬಿಡುತ್ತಿದ್ದೆ. ಕಾಗದದ ಮೇಲೆ ಸುಳ್ಳು ಬರೆಯಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಹತ್ತನೇ ಇಯತ್ತೆಯಲ್ಲಿ ರಜಾ ಚೀಟಿ ಬರೆಯಲಿಕ್ಕೂ ನೀನೇ ಬೇಕಾಗಿತ್ತು, ನೆನಪಿದೆಯಲ್ಲ.

ನಿನ್ನ ಅಮ್ಮಿ ಇಮಾಮಬೀ ಸುದ್ದಿ ಹೇಳಿರುತ್ತಾರೆ: ಕೆರೆಯಲ್ಲಿ ಹೆಬ್ಬಾತುಗಳು ಸತ್ತವು, ವಿಷ ಅಂದರು, ಕೆರೆ ಕಾಯುವ ವಾಚರ್ ಕೆಲಸದಿಂದ ನಿನ್ನ ಅಬ್ಬಾನನ್ನು, ನನ್ನ ಚಾಚಾನನ್ನು, ಇಳಿಸಿದರು. ಅವರಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ನನ್ನ ಹತ್ತಿರ ಇದೆ. ನಾಳೆ ಹನ್ನೊಂದು ಗಂಟೆಗೆ ಚಾಚಾ ಶಹಾಪುರದ ಅರಣ್ಯ ಕಚೇರಿಗೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕು. ಹಾಕಿದರೆ ಕೇಸು. ಅಷ್ಟರೊಳಗೆ ನಾನು ಬಾಯಿ ಬಿಡಬೇಕು. ಮೊದಲು ನಿನ್ನ ಮುಂದೆ ಬಿಡುತ್ತೇನೆ.

ನೀನು ಕಳಿಸಿದ ಆ ಪುಸ್ತಿಕೆಯಿಂದಲೇ ಶುರು ಮಾಡುತ್ತೇನೆ. ‘ಏಷ್ಯಾದಲ್ಲಿ ಹಕ್ಕಿ ನೋಡಲು ಹೋಗಲೇಬೇಕಾದ ಐವತ್ತು ಜಾಗಗಳು.’ ನಿನ್ನ ಟೂರ್ ಕಂಪನಿಯವರ ಜೊತೆ ಜಗಳಾಡಿ ನಮ್ಮ ಕೆರೆಯನ್ನು ನಲವತ್ತೇಳನೇ ನಂಬರಿಗೆ ಸೇರಿಸಿದ್ದೆಯಲ್ಲ. ಬೋನಾಳದ ಕೆರೆಗಾದರೂ ಪಕ್ಷಿಧಾಮವೆಂದು ಹೆಸರಿದೆ, ಬೋರ್ಡಿದೆ. ನಮ್ಮದಕ್ಕೆ ಏನಿತ್ತು? ಆ ಪುಟ ಹರಿದು, ಪ್ಲಾಸ್ಟಿಕ್ ಹಾಕಿಸಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನೇತು ಹಾಕಿದೆ. ಚಾಚಾ ಮೂರು ಸಲ ಓದಿಸಿಕೊಂಡರು.

“ಈ ಬೋರ್ನಿಯೋದಾಗ ಏನ್ ಹಕ್ಕಿ ಅದ?” ಎಂದು ಅದೇ ಪುಟದ ಇನ್ನೊಂದು ಜಾಗದ ಬಗ್ಗೆ ಕೇಳಿದರು.

“ಮಂಗಟ್ಟೆ ಅಂತ ಚಾಚಾ. ಕೊಕ್ಕಿನ ಮ್ಯಾಲ ಕೊಂಬು ಇರ್ತದ.”

“ಇರ್ಲಿ ಬಿಡು. ಹಿಮಾಲಯ ಹಾರಿ ದಾಟೂ ತಾಕತ್ತು ಅದಕ್ಕ ಅದೇನು? ನಮ್ಮ ಮೆಹಮಾನರಿಗೆ ಅದ.” ಪಟ್ಟೆತಲೆ ಹೆಬ್ಬಾತುಗಳನ್ನು ಅವರು ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕೇಳಿಲ್ಲ. ಮಂಗೋಲಿಯಾದಿಂದ ಬಂದವರು, ನಮ್ಮಲ್ಲಿ ಮೂರು ತಿಂಗಳು ಇದ್ದು ಹೋಗುವವರು, ಅಂದ ಮೇಲೆ ಅತಿಥಿಗಳು, ಮೆಹಮಾನರೇ.

ಹಕ್ಕಿ ನೋಡುವ ಸಿಂಗಾಪುರದವರ ಪಾರ್ಟಿ ಹದಿನೇಳನೇ ತಾರೀಖು ಬರುವುದೆಂದು ನೀನು ತಿಳಿಸಿದಾಗಿನಿಂದ ನನಗೆ ನಿದ್ದೆಯಿಲ್ಲ. ಈ ಸಲ ನೀರು ಹೆಚ್ಚು, ಹಕ್ಕಿಗಳು ನಟ್ಟನಡುವೆ ಕೂತಿದ್ದವು. ದಂಡೆಯಿಂದ ನೋಡಿದರೆ ಬರೀ ಬಿಳಿ ಚುಕ್ಕಿ. ಆರು ಜನ ಸಮುದ್ರ ದಾಟಿ ಬಂದು ಚುಕ್ಕಿ ನೋಡಿ ಹೋದರೆ ನಿನ್ನ ಮರ್ಯಾದೆ ಏನಾಗಬೇಕು, ನನ್ನದೇನಾಗಬೇಕು? ಊಟಕ್ಕೆ ಕೂತಾಗ ಅವ್ವನ ಮುಂದೆ ಗೊಣಗಿದೆ.

ಅವ್ವ ರೊಟ್ಟಿ ತಟ್ಟುತ್ತಲೇ ಹೇಳಿದಳು: “ಹಕ್ಕಿಗೇನು ನಿನ್ನ ಸಿಂಗಾಪುರದವರ ಗುರುತದೇನು? ಕಾಳು ಒಗದ್ರ ಬರ್ತಾವ. ನಾ ಕೊಡ್ತೀನಿ ತಗೋ.”

ಕಾಳು ಹಾಕಿ ಹಕ್ಕಿ ಕರೆಯಬಾರದು. ನಮಗಿಬ್ಬರಿಗೂ ಚಾಚಾ ಕಲಿಸಿದ ಮೊದಲ ಪಾಠ ಅದು. ಹಕ್ಕಿಯನ್ನು ಕಾಯಬೇಕು, ಬಂದರೆ ನೋಡಬೇಕು, ಬರದಿದ್ದರೆ ಮನೆಗೆ ಹೋಗಬೇಕು. ಏಳನೇ ಇಯತ್ತೆಯಲ್ಲಿ ನಾನು ಕಡಲೆ ಒಗೆದಿದ್ದಕ್ಕೆ ಅವರು ನನ್ನ ಕಿವಿ ಹಿಂಡಿದ್ದು ನೀನು ನೋಡಿ ನಕ್ಕಿದ್ದೆ. ಆ ಪಾಠ ಮರೆತಿರಲಿಲ್ಲ ಫಿರೋಜ್. ಗೊತ್ತಿದ್ದೂ ಹಾಕಿದೆ. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಹದಿನಾರರ ಸಂಜೆ ಗೋಗಿಯ ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗ ಅವ್ವ ಕೌದಿ ತುಂಡಿನಿಂದ ಹೊಲಿದ ತನ್ನ ಚೀಲದಲ್ಲಿ ಎರಡು ಸೇರು ಜೋಳ ತುಂಬಿ ಇಟ್ಟಿದ್ದಳು. ಕಾಳು ಇನ್ನೂ ಹಸಿಹಸಿಯಾಗಿತ್ತು. ಯಾಕೆ ಒದ್ದೆಯಾಗಿದೆ ಎಂದು ಕೇಳಲಿಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಬೈಕಿಗೆ ಚೀಲ ಸಿಕ್ಕಿಸಿಕೊಂಡು ಹೋಗಿ, ಜಾಲಿ ಮರದ ಕೆಳಗೆ, ನೀರಿನ ಅಂಚಿಗೆ ಚೆಲ್ಲಿ ಬಂದೆ. ಅವಸರದಲ್ಲಿ ಚೀಲವನ್ನು ಟೊಂಗೆಗೆ ತೂಗಿಬಿಟ್ಟು ಅಲ್ಲೇ ಮರೆತೆ.

ಬೆಳಿಗ್ಗೆ ಏಳಕ್ಕೆ ಆರು ಜನರೂ ಕೆರೆ ಏರಿಯ ಮೇಲೆ ನಿಂತಿದ್ದರು. ಮಂಜು ಸರಿಯಿತು. ಹಕ್ಕಿಗಳು ದಂಡೆಗೇ ಬಂದಿದ್ದವು, ನಾನು ಅಂದುಕೊಂಡದ್ದಕ್ಕಿಂತ ಹತ್ತಿರ. ನಿನ್ನಾಣೆ, ಆಗ ನನಗೆ ಬಹಳ ಸಂತೋಷವಾಯಿತು. ಅವರಲ್ಲಿ ಬೆಳ್ಳಿಗೂದಲಿನ ಒಬ್ಬ ಹೆಂಗಸು ದುರ್ಬೀನಿಗೆ ಕಣ್ಣು ಕೊಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಇವು ಕತ್ತು ಯಾಕೆ ಎತ್ತುತ್ತಿಲ್ಲ ಎಂದು ಕೇಳಿದರು.

ನಲವತ್ತೊಂದು. ಓಡಿ ಹೋಗಿ ನಾನೇ ಎಣಿಸಿದೆ. ಕೆಲವು ಕೆಸರಿನಲ್ಲಿ ರೆಕ್ಕೆ ಹರಡಿ ಬಿದ್ದಿದ್ದವು, ಕೆಲವು ಇನ್ನೂ ಕಾಲು ಬಡಿಯುತ್ತಿದ್ದವು. ಚಾಚಾ ನನಗಿಂತ ಮೊದಲೇ ಅಲ್ಲಿದ್ದರು. ಒಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಬಾಯಿಗೆ ಅಂಗೈಯಿಂದ ನೀರು ಬಿಡುತ್ತಿದ್ದರು. ನನ್ನನ್ನು ಒಮ್ಮೆ ನೋಡಿ ಮತ್ತೆ ಅಂಗೈಯಲ್ಲಿ ನೀರು ತುಂಬಿಕೊಂಡರು. ನಾನು ನಿಂತೇ ಇದ್ದೆ. ಆ ಹೆಂಗಸು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಅರಣ್ಯ ಇಲಾಖೆಯ ಸಾಹೇಬರು ಬಂದರು, ಸತ್ತ ಹಕ್ಕಿಗಳನ್ನು ಪರೀಕ್ಷೆಗೆ ಒಯ್ದರು. ಏರಿಯ ಮೇಲಿನ ಗುಡಿಸಲಿನಲ್ಲಿ ಚಾಚಾ ತಮ್ಮ ಹತ್ತಿಗೆ ಹೊಡೆಯಲು ಇಟ್ಟಿದ್ದ ಔಷಧದ ಬಾಟಲಿ ಸಿಕ್ಕಿತು.

“ಬೆಳಕು ಹರಿಯೂಕಿಂತ ಮೊದಲು ಈ ದಂಡೀಗೆ ಯಾರು ಬರ್ತಾರ?” ಎಂದು ಸಾಹೇಬರು ಚಾಚಾನನ್ನು ಕೇಳಿದರು.

“ನಾನೇ ಬರ್ತೀನ್ರಿ ಸಾಹೇಬ್ರ.”

“ಬ್ಯಾರೆ ಯಾರನ್ನರ ನೋಡಿಯೇನು?”

“ಇಲ್ರಿ.”

ನಾನು ಪಕ್ಕದಲ್ಲೇ ಇದ್ದೆ. ವಿಷ ಹೇಗೆ ಬಂತೆಂದು ಆಗ ನನಗೂ ಗೊತ್ತಿರಲಿಲ್ಲ, ಅದೊಂದು ನಂಬು. ನನ್ನ ಜೋಳ ತಿನ್ನಲು ಹಕ್ಕಿಗಳು ಬಂದಾಗ ಯಾರೋ ಹೊಂಚು ಹಾಕಿ ವಿಷವಿಟ್ಟರು ಅಂದುಕೊಂಡಿದ್ದೆ.

ಮಧ್ಯಾಹ್ನ ಮನೆಗೆ ಬಂದರೆ ಅವ್ವ ಬಚ್ಚಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮೂರು ಕೋಳಿ ಸತ್ತು ಬಿದ್ದಿದ್ದವು. “ಕೋಳಿಗೆ ಬ್ಯಾನಿ ಬಂದದ ನೋಡಪಾ,” ಅಂದಳು. ಬಚ್ಚಲ ಕಲ್ಲಿನ ಮೇಲೆ ತೆಳುವಾದ ಕೆಂಪು ಕಲೆ ಇತ್ತು.

“ಅವ್ವ, ಆ ಜೋಳ ಎಲ್ಲೀದು?”

“ಅಟ್ಟದ ಮ್ಯಾಲಿಂದು. ಬಿತ್ತಿ ಉಳದದ್ದು. ಈ ವರ್ಷ ಹಕ್ಕಿ ಪಾಲು ಹಾಕೇ ಇರಲಿಲ್ಲಲ್ಲ. ಬಣ್ಣ ಹತ್ತಿತ್ತು, ಹಕ್ಕಿ ತಿನ್ನೂದು, ಚೊಕ್ಕ ಇರ್ಲಿ ಅಂತ ಮೂರು ನೀರಾಗ ತೊಳದೀನಿ.”

ಬಿತ್ತಿ ಉಳಿದ ಬೀಜವನ್ನು ನಮ್ಮ ಮನೆಯಲ್ಲಿ ಬೀಸಿ ತಿನ್ನುವುದಿಲ್ಲ, ನಿನಗೆ ಗೊತ್ತಲ್ಲ. ಅದು ಹಕ್ಕಿಗಳ ಪಾಲು, ಹೊಲದ ಬದುವಿಗೆ ಚೆಲ್ಲುತ್ತೇವೆ. ಅಜ್ಜಿಯ ಕಾಲದಲ್ಲಿ ಬೀಜ ಮನೆಯದೇ ಇತ್ತು. ಈಗ? ಅಕ್ಟೋಬರಿನಲ್ಲಿ ಆ ಬೀಜಕ್ಕೆ ಕೆಂಪು ಔಷಧ ಕಲಸಿದವನು ನಾನು. ಬೆಳೆಯ ಸುಳಿಗೆ ನೊಣ ಬೀಳಬಾರದೆಂದು, ಅಂಗಡಿಯವ ಹೇಳಿದ್ದಕ್ಕಿಂತ ಎರಡು ಮುಚ್ಚಳ ಹೆಚ್ಚೇ ಹಾಕಿದ್ದೆ. ಉಳಿದದ್ದನ್ನು ಮಣ್ಣಲ್ಲಿ ಹೂಳಬೇಕಿತ್ತು. ಆಮೇಲೆ ನೋಡೋಣ ಎಂದು ಅಟ್ಟದ ಮೇಲಿಟ್ಟು ಮರೆತವನೂ ನಾನು. ಕಲಸಿದ್ದು, ಇಟ್ಟಿದ್ದು, ಚೆಲ್ಲಿದ್ದು ಮೂರೂ ನನ್ನ ಕೈ. ಅವ್ವ ತೊಳೆದಳು, ಅಷ್ಟೇ. ಆ ಬಣ್ಣವನ್ನು ಅವಳು ತೊಳೆಯದೇ ಇದ್ದಿದ್ದರೆ ನಾನು ನೋಡಿದ ಕೂಡಲೇ ಗುರುತು ಹಿಡಿಯುತ್ತಿದ್ದೆ.

ಆ ತೊಳೆದ ನೀರು ಕುಡಿದು ಸತ್ತ ಕೋಳಿಗಳನ್ನು ಹೂಳಿ ಬಂದೆ. ಅವತ್ತೇ ಹೇಳಬೇಕಿತ್ತು. ಹತ್ತು ದಿನ ಯಾರಿಗೂ ಹೇಳಲಿಲ್ಲ. ಅತಿಥಿ ಶಿಕ್ಷಕನ ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು, ಅವ್ವನ ಹೆಸರು ಬರುತ್ತದೆಂಬ ಹೆದರಿಕೆ ಇನ್ನೊಂದು. ಎರಡನೆಯದನ್ನೇ ದೊಡ್ಡದು ಮಾಡಿ ಮೊದಲನೆಯದನ್ನು ಅದರ ಹಿಂದೆ ಅಡಗಿಸಿದೆ. ಹೋಟೆಲಿನಲ್ಲಿ, ಸಾಬ ಮೊದಲಿಂದ ಹಕ್ಕಿ ಮಾರುತ್ತಿದ್ದನಂತೆ ಎಂದು ಒಬ್ಬ ಅಂದ. ಉಳಿದವರು ಚಹಾ ಕುಡಿದರು. ನಾನೂ ಕುಡಿದೆ, ಥೂ. ಆ ನಲವತ್ತೇಳನೇ ನಂಬರಿನ ಹಾಳೆಯನ್ನು ಯಾರೋ ಕಿತ್ತು ಹಾಕಿದ್ದಾರೆ.

ಚಾಚಾ ಎರಡು ಸಲ ಮನೆಗೆ ಬಂದರು. ಅವ್ವ ಚಹಾ ಕೊಟ್ಟು, “ಯಾವ ಪಾಪಿ ಹಾಕ್ಯಾನೋ ತಮ್ಮಾ, ಅವನ ಕೈಯಾಗ ಹುಳ ಬೀಳ್ಲಿ,” ಅಂದಳು. ನನ್ನ ಕೈಯಲ್ಲಿ ರೊಟ್ಟಿ ಇತ್ತು. ಚಾಚಾ ತಲೆ ತಗ್ಗಿಸಿಕೊಂಡು, “ಹಂಗ ಅನಬ್ಯಾಡಕ್ಕ,” ಅಂದರು.

ಯಾಕೆ ಹಾಗೆ ಅಂದರೆಂದು ನಿನ್ನೆ ಗೊತ್ತಾಯಿತು. ನಿನ್ನೆ ಶಾಲೆಯಿಂದ ನೇರ ನಿಮ್ಮ ಮನೆಗೆ ಹೋದೆ. ಚಾಚಾ ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು ಟ್ರಂಕಿನಿಂದ ಒಂದು ಗಂಟು ತಂದು ಮುಂದಿಟ್ಟರು. ಅವ್ವನ ಕೌದಿ ಚೀಲ. ಅದರೊಳಗೆ ಒಂದು ಹಿಡಿ ಜೋಳ, ಕಾಳಿನ ತೊಟ್ಟಿನಲ್ಲಿ ಇನ್ನೂ ಕೆಂಪು ಉಳಿದಿತ್ತು. ಸಾಹೇಬರು ಬರುವ ಮೊದಲೇ ಅವರು ಚೀಲವನ್ನು ಮರದಿಂದ ಇಳಿಸಿದ್ದರು, ಉಳಿದ ಕಾಳನ್ನು ಆರಿಸಿ ತೆಗೆದಿದ್ದರು. ಅಂಥದ್ದೇ ಚೀಲ ಅವ್ವ ನಿನ್ನ ಅಮ್ಮಿಗೂ ಹೊಲಿದು ಕೊಟ್ಟಿದ್ದಾಳೆ, ಗುರುತು ಸಿಗದೆ ಇರುತ್ತದೆಯೇ.

“ನಿಮ್ಮವ್ವ ಲಾಲಮ್ಮಕ್ಕ ತಿಳೀಲಾರದ ಹಾಕ್ಯಾಳ,” ಅಂದರು. “ನನ್ನ ಫಿರೋಜ್ ಹುಟ್ಟಿದಾಗ ಮೊದಲನೇ ನೀರು ಹಾಕಿದಾಕಿ. ಆಕೀನ ಕಚೇರಿಗೆ ಕರ್ಕೊಂಡು ಹೋಗಿ ನಿಂದರಸಲೇನು? ಬಂದದ್ದು ನನ್ನ ಮ್ಯಾಲ ಬರ್ಲಿ. ನೀ ಸುಮ್ನಿರು, ಅಕ್ಕಗ ಹೇಳಬ್ಯಾಡ.”

ಚೆಲ್ಲಿದ್ದು ಅವ್ವ ಅಲ್ಲ, ನಾನು ಎಂದೆ.

ಫಿರೋಜ್, ಹಕ್ಕಿ ಸತ್ತ ದಿನ ಅವರ ಮುಖ ನೋಡಿದ್ದೆ. ನಿನ್ನೆಯ ಮುಖ ಅದಕ್ಕಿಂತ ಕೆಟ್ಟದಾಗಿತ್ತು. ಬಹಳ ಹೊತ್ತು ಚೀಲದ ಹೊಲಿಗೆಯನ್ನೇ ಬೆರಳಿನಿಂದ ಸವರಿದರು.

“ಅಕ್ಕಗ ಗೊತ್ತಿರಲಿಲ್ಲ,” ಅಂದರು. “ನಿನಗ ನಾ ಕಲಿಸಿದ್ದೆನಲ್ಲೋ.”

ಬೈದಿದ್ದರೆ, ಕಿವಿ ಹಿಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಾಳೆ ಅವರ ಜೊತೆ ಶಹಾಪುರಕ್ಕೆ ನಾನೂ ಹೋಗುತ್ತೇನೆ. ಹೇಳಿಕೆ ನನ್ನದು, ಸಹಿ ನನ್ನದು. ಕಾಳನ್ನು ಒಯ್ಯುತ್ತೇನೆ, ಅವ್ವನ ಗುರುತಿರುವ ಚೀಲವನ್ನು ಒಯ್ಯುವುದಿಲ್ಲ. ಚಾಚಾ ಬೇಡವೆಂದರು, ಕೇಳುವುದಿಲ್ಲ. ಕೆಲಸ ಹೋದರೆ ಹೋಗಲಿ. ನೀನು ನಿನ್ನ ಕಂಪನಿಗೆ ಹೇಳಿ ನಮ್ಮ ಕೆರೆಯ ಹೆಸರು ತೆಗೆಸು. ಉಳಿದ ಹಕ್ಕಿಗಳು ಮತ್ತೆ ನಟ್ಟನಡುವೆ ಹೋಗಿ ಕೂತಿವೆ, ಅಲ್ಲೇ ಇರಲಿ. ಬರುವ ವರ್ಷ ಬರುತ್ತವೋ ಇಲ್ಲವೋ ತಿಳಿಯದು. ಚಾಚಾ ಮಾತ್ರ ಬೆಳಿಗ್ಗೆ ಏಳುತ್ತಲೇ ದಂಡೆಯ ಕಡೆ ಹೊರಡುತ್ತಾರಂತೆ, ಊರ ಅಗಸಿ ಬಾಗಿಲವರೆಗೆ ಹೋಗಿ, ಕೆಲಸ ಹೋದದ್ದು ನೆನಪಾಗಿ ತಿರುಗಿ ಬರುತ್ತಾರಂತೆ. ನಿನ್ನ ಅಮ್ಮಿ ಹೇಳಿದರು.

ನನ್ನ ಮೇಲೆ ಸಿಟ್ಟಿದ್ದರೂ ಊರಿಗೊಮ್ಮೆ ಬಾ. ಅವರಿಗೆ ಈಗ ನೀನು ಬೇಕು. ರುಕ್ಸಾನಾಗೆ ನನ್ನ ಸಲಾಮು, ಮಗುವಿಗೆ ನೂರು ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ,
ಬುದ್ಧಪ್ರಿಯ

ತಾ.ಕ.: ಮೇಲಿನದನ್ನು ಬರೆದು ಮುಗಿಸಿ ಅವ್ವನ ಹತ್ತಿರ ಹೋಗಿ ಕೂತೆ. ನಾಳೆ ಊರಿಗೆಲ್ಲ ನನ್ನ ಹೆಸರು ಗೊತ್ತಾಗುತ್ತದೆ, ಅದಕ್ಕೆ ಮೊದಲು ಅವಳಿಗೆ ನಾನೇ ಹೇಳಬೇಕಿತ್ತು. ಆದರೆ ಪೂರ್ತಿ ಹೇಳಲಾಗಲಿಲ್ಲ. ಕೊಟ್ಟಿಗೆಯಲ್ಲಿ ಔಷಧದ ಬೀಜದ ಇನ್ನೊಂದು ಚೀಲವಿತ್ತು, ನಿನ್ನ ಜೋಳದ ಜೊತೆಗೆ ತಿಳಿಯದೆ ಅದನ್ನೂ ಚೆಲ್ಲಿದೆ ಎಂದೆ. ನೋಡು, ಕಾಗದದ ಮೇಲೆ ಬಾರದ ಸುಳ್ಳು ಬಾಯಲ್ಲಿ ಎಷ್ಟು ಸಲೀಸಾಗಿ ಬಂತು.

ಅವ್ವ ಅಳಲಿಲ್ಲ. ನನ್ನ ಬಲಗೈ ಹಿಡಿದುಕೊಂಡಳು. ಬುದ್ಧವಿಹಾರಕ್ಕೆ ಹೋಗಲು ಶುರು ಮಾಡಿದ ಮೇಲೆ ದೃಷ್ಟಿ ತೆಗೆಯುವುದನ್ನೆಲ್ಲ ಬಿಟ್ಟವಳು, ಒಳಗೆ ಹೋಗಿ ಒಂದು ಹಿಡಿ ಉಪ್ಪು ತಂದು ಆ ಕೈಗೆ ಮೂರು ಸಲ ನಿವಾಳಿಸಿದಳು. “ನಾ ಬೈದದ್ದು ಈ ಕೈಗೆ ಹತ್ತಬಾರದು. ನನಗೇನ್ ಗೊತ್ತಿತ್ತು,” ಅಂದಳು. ಉಪ್ಪನ್ನು ಒಲೆಗೆ ಹಾಕಿ ಬಂದು ಕೂತಳು. ಆಮೇಲೆ ಕೇಳಿದಳು: “ಮೊದಲು ನನ್ನ ಜೋಳ ತಿಂದುವೇನು?”

“ಹೌದವ್ವ. ಮೊದಲು ನಿಂದೇ ತಿಂದುವು.”

“ಹಂಗಾದ್ರ ಪಾಪ, ಹಸಕೊಂಡು ಸಾಯಲಿಲ್ಲ,” ಅಂದಳು. “ಒಂದು ಹೊತ್ತರ ನನ್ನ ಮನಿ ಕಾಳು ಹೊಟ್ಟಿ ತುಂಬ ತಿಂದು ಹೋದುವು.”

ನೀನು ಬಂದಾಗ ನಿನ್ನನ್ನೂ ಕೇಳುತ್ತಾಳೆ. ಹೌದು ಅನ್ನು.