ನೀವು ಮಗುಚಿ ನೋಡದ ಕೊನೆಯ ರಟ್ಟು

ಮಾನ್ಯ ಪ್ರಾಂಶುಪಾಲರೇ,

ತಪ್ಪು ಮಾಡಿದವಳು ನಾನು. ಶಿಕ್ಷೆ ಕೊಟ್ಟವರು ನೀವು. ಅನುಭವಿಸುತ್ತಿರುವವಳು ಮಾತ್ರ ಮೂರನೆಯವಳು: ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವ ಅಂತಿಮ ವರ್ಷದ ವಿದ್ಯಾರ್ಥಿನಿ. ಅವಳ ಹೆಸರನ್ನು ನಮ್ಮ ‘ಕಲಿಯುತ್ತಾ ದುಡಿ’ ಯೋಜನೆಯಿಂದ ತೆಗೆದಿದ್ದೀರಿ. ಯೋಜನೆಯಲ್ಲಿ ಹೆಸರಿಲ್ಲದವರಿಗೆ ಹಾಸ್ಟೆಲಿನ ಉಚಿತ ಕೊಠಡಿ ಇಲ್ಲ. ಶನಿವಾರದೊಳಗೆ ಅವಳು ಪೆಟ್ಟಿಗೆ ಕಟ್ಟಬೇಕು. ಪರೀಕ್ಷೆಗೆ ಉಳಿದಿರುವುದು ಆರು ವಾರ, ಅವಳ ಮನೆಗೆ ಬಸ್ಸಿನಲ್ಲಿ ಏಳು ಗಂಟೆಯ ದಾರಿ. ದಿನವೂ ಹೋಗಿ ಬರಲಿ ಎನ್ನುತ್ತೀರಾ? ಎರಡು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಆದ್ದರಿಂದ ಮೂರನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನಗೆ ಮದುವೆಯಾಗಿ ಇಪ್ಪತ್ತಾರು ದಿನ. ಇದನ್ನು ಇಲ್ಲಿ ಹೇಳಬಾರದೆಂದುಕೊಂಡಿದ್ದೆ, ಆದರೆ ಈಚೆಗೆ ನಾನು ಬಾಯಿ ತೆರೆದರೆ ಮೊದಲು ಬರುವುದು ಇದೇ ಮಾತು! ಬಸ್ಸಿನ ಕಂಡಕ್ಟರಿಗೂ ಹೇಳಿ ಆಗಿದೆ. ಪತ್ರ ಬರೆಯಲು ಕೂತದ್ದನ್ನು ಕಂಡು ನನ್ನವರು, “ತಿಂಗಳೂ ಆಗಿಲ್ಲ, ಆಗ್ಲೇ ಬೇರೆಯವರಿಗೆ ಕಾಗದ ಬರೀತಿದ್ದೀಯಲ್ಲೇ?” ಎಂದು ಕಾಲೆಳೆದರು. ಓದಿದ ಮೇಲೆ ನಗಲಿಲ್ಲ. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಸಿಟ್ಟು ಬಂದಾಗ ಕಾಗುಣಿತ ಕೈಕೊಡುತ್ತದೆ. ಹಾಗಾಗಿ ಕರಡನ್ನು ಅತ್ತೆಗೆ ತೋರಿಸಿದೆ. ಅವರು ಮೂವತ್ತು ವರ್ಷ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. “ತಪ್ಪು ನಿಂದೇ ತಾನೆ? ಹಾಗಾದ್ರೆ ಅದನ್ನ ಮೂರನೇ ಪುಟದಲ್ಲಿ ಬಚ್ಚಿಡಬೇಡಮ್ಮ. ಮೊದಲನೇ ಸಾಲಲ್ಲೇ ಬರಿ” ಎಂದರು. ಬರೆದಿದ್ದೇನೆ.

ಆ ತಪ್ಪು ಇದು. ಯೋಜನೆಯ ಮಕ್ಕಳಲ್ಲಿ ಪ್ರಯೋಗಾಲಯದಲ್ಲಿ ದುಡಿಯುವವರ ಹಾಜರಿಗೆ ಅಲ್ಲಿಯ ಮುಖ್ಯಸ್ಥರು ಸಹಿ ಹಾಕುತ್ತಾರೆ, ತೋಟದಲ್ಲಿ ದುಡಿಯುವವರಿಗೆ ಮಾಲಿಗಳು. ಪುಸ್ತಕ ರಿಪೇರಿಯ ಕೋಣೆಗೆ ಮುಖ್ಯಸ್ಥರೇ ಇಲ್ಲ. ಅಲ್ಲಿರುವುದು ಒಂದು ಮೇಜು, ಭಾರಕ್ಕೆ ಇಡುವ ಎರಡು ಕಬ್ಬಿಣದ ತುಂಡು, ಸೂಜಿ ದಾರ, ಗೋಂದಿನ ಡಬ್ಬಿ ಮತ್ತು ಆ ಹುಡುಗಿ. ಬೆರಳಿನಲ್ಲಿ ಸದಾ ಗೋಂದು ಒಣಗಿರುವುದರಿಂದ ಗೆಳತಿಯರು ಅವಳನ್ನು ‘ಗೋಂದಮ್ಮ’ ಎನ್ನುತ್ತಾರೆ. ಅವಳ ಹಾಳೆಗೆ ಸಹಿ ಹಾಕಬೇಕಾದವಳು ಯೋಜನೆಯ ಸಂಯೋಜಕಿಯಾದ ನಾನು. ಸಹಿ ಇಲ್ಲದ ದಿನ, ಕೆಲಸ ಮಾಡದ ದಿನ. ಇದು ನಿಯಮ.

ಮದುವೆಗೆಂದು ಹತ್ತು ದಿನ ರಜೆ ಕೇಳಿದೆ. ನೀವು ದೊಡ್ಡ ಮನಸ್ಸಿನಿಂದ ಮಂಜೂರು ಮಾಡಿ, ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿರಿ: ‘ಎಲ್ಲ ಏರ್ಪಾಡುಗಳನ್ನು ಮುಂಚಿತವಾಗಿ ಮಾಡಿ ತೆರಳತಕ್ಕದ್ದು.’ ಬದಲಿಗೆ ಯಾರು ಸಹಿ ಹಾಕಬೇಕೆಂದು ಮಾತ್ರ ಬರೆಯಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕಾಲು ನೆಲದ ಮೇಲಿರಲಿಲ್ಲ, ಸ್ವಾಮಿ! ಹೊರಡುವ ಸಂಜೆ ಹಾಡು ಗುನುಗುತ್ತಾ ಮುಂದಿನ ಹತ್ತು ಕೆಲಸದ ದಿನಕ್ಕೂ ‘ಎರಡು ಗಂಟೆ’ ಎಂದು ತುಂಬಿ, ಹತ್ತು ಸಹಿ ಗೀಚಿದೆ. ಏರ್ಪಾಡು ಮುಂಚಿತವಾಗಿಯೇ ಆಯಿತು!

ಆ ಹತ್ತು ದಿನಗಳಲ್ಲಿ ಒಂದು ಗುರುವಾರ ನೀರಿನ ಪೈಪು ಒಡೆದು ಕಾಲೇಜಿಗೆ ರಜೆ ಕೊಟ್ಟಿರಿ. ಮರುದಿನ ಗೋಂದಮ್ಮ ಬಂದು ಗುರುವಾರದ ಎರಡು ಗಂಟೆಯನ್ನು ಗೀಟೆಳೆದು ಹೊಡೆದುಹಾಕಿ, ಪಕ್ಕದಲ್ಲಿ ‘ಕಾಲೇಜು ಇರಲಿಲ್ಲ, ಕೆಲಸ ಮಾಡಿಲ್ಲ’ ಎಂದು ದುಂಡಗೆ ಬರೆದಳು. ಸುಮ್ಮನಿದ್ದಿದ್ದರೆ ಆ ಹಾಳೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಗೀಟು ಕಂಡ ಗುಮಾಸ್ತರು ಹಾಳೆಯನ್ನು ಮೇಲಕ್ಕೆ ಕಳಿಸಿದರು. ರಜೆಯಲ್ಲಿದ್ದವಳ ಸಹಿ ಹೊರಬಿತ್ತು. ನನಗೆ ನೀವು ಕೊಟ್ಟದ್ದು ‘ಮುಂದೆ ಎಚ್ಚರಿಕೆ ವಹಿಸಿ’ ಎಂಬ ಒಂದು ಸಾಲು. ಅವಳಿಗೆ ಕೊಟ್ಟದ್ದು ‘ಹತ್ತೂ ದಿನ ಸುಳ್ಳು ಹಾಜರಿ, ದಾಖಲೆ ತಿದ್ದುವಿಕೆ, ಯೋಜನೆಯಿಂದ ವಜಾ.’ ನಿಜ ಬರೆದದ್ದನ್ನು ತಿದ್ದುವಿಕೆ ಎನ್ನುವುದಾದರೆ, ನಿಜವನ್ನು ಯಾವ ಅರ್ಜಿ ನಮೂನೆಯಲ್ಲಿ ಬರೆಯಬೇಕೆಂದಾದರೂ ತಿಳಿಸಬಾರದೇ?

ನಾನು ಕೆಲಸಕ್ಕೆ ಮರಳಿದ ಬೆಳಿಗ್ಗೆ ಮೇಜಿನ ಮೇಲೆ ನಿಮ್ಮ ಕಚೇರಿಯ ಹೂಗುಚ್ಛವಿತ್ತು. ಎಷ್ಟು ಖುಷಿಪಟ್ಟೆ! ಎತ್ತಿಕೊಂಡರೆ ಅಡಿಯಲ್ಲಿ ಅವಳ ವಜಾ ಆದೇಶ. ಹೂವಿನ ನೀರು ಸೋರಿ ನಿಮ್ಮ ಸಹಿ ಕಲಸಿಹೋಗಿತ್ತು. ಕಲಸಿಹೋದರೂ ಆ ಸಹಿ ಎಲ್ಲರಿಗೂ ಸಿಂಧು.

ಹಿಂದಿನ ಕೋಣೆಗೆ ಓಡಿದೆ. ಅವಳು ಗೋಂದಿನ ಡಬ್ಬಿಯ ಅಂಚು ಒರೆಸುತ್ತಿದ್ದಳು.

“ಆ ಗೀಟು ಯಾಕೆ ಎಳೆದೆ ಮಾರಾಯ್ತಿ?”

“ಅವತ್ತು ನಾನು ಬಂದಿರ್ಲಿಲ್ಲ ಮ್ಯಾಮ್.”

“ಅದು ನನಗೂ ಗೊತ್ತು ಕಣೇ. ನನಗೊಂದು ಫೋನ್ ಮಾಡಬಾರದಿತ್ತಾ?”

“ಹೊಸ ಮದುಮಗಳಿಗೆ ಹಾಜರಿ ಹಾಳೆ ವಿಷಯಕ್ಕೆ ಯಾರಾದ್ರೂ ಫೋನ್ ಮಾಡ್ತಾರಾ?” ಎಂದು ನಕ್ಕಳು. ಆಮೇಲೆ ಡಬ್ಬಿಯ ಕಡೆ ತಿರುಗಿ, “ಇದನ್ನ ಮುಚ್ಚಿಡಿ ಮ್ಯಾಮ್, ಗಾಳಿಗೆ ಬಿಟ್ರೆ ಗಟ್ಟಿಯಾಗತ್ತೆ” ಎಂದಳು. ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ವಜಾ ಮಾಡಿದ ಮೇಲೆ ನೆಪಕ್ಕೊಂದು ವಿಚಾರಣೆ ನಡೆಸಿ, ಅವಳು ಕೆಲಸ ಮಾಡಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಿದಿರಿ. ಆ ಕೋಣೆಯಲ್ಲಿ ಹಳೆಯ ಪದ್ಧತಿಯೊಂದಿದೆ. ರಿಪೇರಿಯಾದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ದಿನಾಂಕ ಹಾಗೂ ಹೊಲಿದವರ ಮೊದಲಕ್ಷರ ಬರೆಯುತ್ತಾರೆ. ಮುಂದೆ ಹೊಲಿಗೆ ಬಿಚ್ಚಿದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂದು! ಅಂಟು ಒಣಗುವ ಮೊದಲೇ ಚೀಟಿ ಕೂರಬೇಕು, ಆಮೇಲೆ ಬದಲಿಸಲು ಹೋದರೆ ರಟ್ಟೇ ಕಿತ್ತುಬರುತ್ತದೆ. ನಾನಿಲ್ಲದ ಹತ್ತರಲ್ಲಿ ಒಂಬತ್ತು ದಿನಗಳ ಚೀಟಿಗಳುಳ್ಳ ಮೂವತ್ತೊಂದು ಪುಸ್ತಕ ಕಪಾಟಿನಲ್ಲಿವೆ. ಗುರುವಾರದ್ದು ಒಂದೂ ಇಲ್ಲ. ವಿಚಾರಣಾ ಸಮಿತಿಯ ಮೂವರು ವಿದ್ವಾಂಸರು ಒಂದು ಪುಸ್ತಕವನ್ನಾದರೂ ತೆರೆದರೇ? ಕಾಲೇಜಿನಲ್ಲಿ ಪುಸ್ತಕ ತೆರೆಯಿರಿ ಎಂದು ಕೇಳುವುದು ಅಷ್ಟು ಅತಿಯಾಯಿತೇ?

ಕಪಾಟಿನವರೆಗೆ ನಡೆಯುವುದು ನಿಮಗೆ ತೊಂದರೆಯಾದರೆ, ಇನ್ನೂ ಹತ್ತಿರದ ಸಾಕ್ಷಿಯೊಂದಿದೆ. ವಿಚಾರಣೆಯ ದಿನ ನೀವು ಒಂದು ದಪ್ಪ ಪುಸ್ತಕ ಬಿಡಿಸಿ, ಅವಳನ್ನು ಹೊರಹಾಕುವ ಏಳನೆಯ ನಿಯಮವನ್ನು ಗಟ್ಟಿಯಾಗಿ ಓದಿದಿರಿ. ಅದು ಕಾಲೇಜಿನ ನಿಯಮಾವಳಿ. ಬೆನ್ನು ಹರಿದು ಹಾಳೆಗಳು ಉದುರುತ್ತಿದ್ದ ಅದನ್ನು ನಿಮ್ಮ ಜವಾನರು ಅರ್ಜೆಂಟೆಂದು ಕೆಳಗೆ ತಂದುಕೊಟ್ಟದ್ದು ನನ್ನ ಮದುವೆಯ ದಿನ. ಮದುವೆಗೆ ಬರಲು ಹೊಸ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಂಡಿದ್ದ ಗೋಂದಮ್ಮ ಬರಲಿಲ್ಲ. ಕೂತು ಹೊಲಿದಳು. ವಿಚಾರಣೆಯಲ್ಲಿ ಆ ಹೊಸ ನೀಲಿ ಬೆನ್ನನ್ನು ಕಂಡು ನಾನು ಎದ್ದು ನಿಂತೆ.

“ಸರ್, ಒಂದೇ ಒಂದ್ಸಲ ಕೊನೇ ರಟ್ಟು ತೆಗೆದು ನೋಡಿ.”

“ನನಗೆ ಏಳನೇ ನಿಯಮ ಸಾಕು. ಕೂತ್ಕೊಳಮ್ಮ.”

ಕೂತೆ. ಇಪ್ಪತ್ತಾರು ದಿನಗಳಲ್ಲಿ ನಾನು ಸುಮ್ಮನಾದದ್ದು ಅದೊಂದೇ ಸಲ.

ನನ್ನ ಬೇಡಿಕೆ ಇಷ್ಟೇ. ಶನಿವಾರಕ್ಕೆ ಮುಂಚೆ ನಿಮ್ಮ ಮೇಜಿನ ಮೇಲಿರುವ ಆ ಪುಸ್ತಕವನ್ನು ಮಗುಚಿ. ಹಿಂದಿನ ರಟ್ಟು ತೆರೆಯಿರಿ. ಚೀಟಿಯಲ್ಲಿ ನನ್ನ ಮದುವೆಯ ತಾರೀಖು ಇಲ್ಲದಿದ್ದರೆ ನನ್ನನ್ನು ವಜಾ ಮಾಡಿ, ತಕರಾರಿಲ್ಲ. ಇದ್ದರೆ ಅವಳ ಹೆಸರನ್ನು ಯೋಜನೆಗೂ ಅವಳನ್ನು ಕೊಠಡಿಗೂ ಮರಳಿಸಿ, ಮುಂಚಿತ ಸಹಿಯ ಶಿಕ್ಷೆಯನ್ನು ಆ ಸಹಿ ಹಾಕಿದ ನನಗೇ ಕೊಡಿ. ಎರಡೂ ಬೇಡವೆನಿಸಿದರೆ ಏಳನೆಯ ನಿಯಮದ ಹಾಳೆಯನ್ನು ಒಮ್ಮೆ ಜಗ್ಗಿ ನೋಡಿ. ಕಿತ್ತುಬರುವುದಿಲ್ಲ. ಕೆಲಸವನ್ನೇ ಮಾಡಿಲ್ಲ ಎಂದು ನೀವು ಹೊರಹಾಕಿದವಳು ಅದನ್ನು ಅಷ್ಟು ಬಿಗಿಯಾಗಿ ಹೊಲಿದಿದ್ದಾಳೆ.

ಇಂತಿ,
ಸಂಭ್ರಮದಲ್ಲಿ ಹತ್ತು ಸಹಿ ಹಾಕಿ, ಹನ್ನೊಂದನೆಯದನ್ನು ಇದೀಗ ತಾರೀಖು ನೋಡಿಕೊಂಡು ಹಾಕುತ್ತಿರುವ
ನಿಮ್ಮ ಯೋಜನಾ ಸಂಯೋಜಕಿ