ಬೀಗ ಹಾಕಿದ ಮನೆಯವರು

ಚಿತ್ರದುರ್ಗ
ಜನವರಿ 12, 2025, ಭಾನುವಾರ

ನನ್ನ ಅವ್ವನಿಗೆ ಸುಮಾ ಮಾಡುವ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಮಂದೆ ಬಿಟ್ಟಿರುವ ಹಿರಿಯೂರು ಕಡೆ ಬೆಳಗಿನ ಚಳಿ ಜೋರಂತೆ. ನಾನು ಕಳಿಸಿದ ಸ್ವೆಟರನ್ನು ಯಾವುದೋ ಕುರಿಮರಿಗೆ ಹೊದಿಸದೆ ನೀನೇ ಹಾಕಿಕೋ. ಅಪ್ಪನ ಫೋನು ಯಾವಾಗ ಮಾಡಿದರೂ ಸ್ವಿಚ್ ಆಫ್. ಅದಕ್ಕೇ, ನಿಮಗೆ ರಾಗಿಹಿಟ್ಟು ತರುವ ತಮ್ಮ ಪರಮೇಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿ ಹೇಳುತ್ತಾನೆ. ಲೇ ಪರಮೇಶ, ಮಧ್ಯೆ ಮಧ್ಯೆ ಬಿಟ್ಟು ಓದಬೇಡ.

ಮೊನ್ನೆ ನಾಗಪುರದಿಂದ ಬಂದೆ. ದೇಶದ ಅರ್ಥಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿದೆ. ಅದರ ವಾರ್ಷಿಕ ಸಮ್ಮೇಳನ. ನಮ್ಮ ಕಾಲೇಜಿನ ಮೇಷ್ಟ್ರುಗಳ ಪೈಕಿ ಪ್ರಬಂಧ ಓದಲು ಕರೆ ಬಂದದ್ದು ನನಗೊಬ್ಬಳಿಗೇ. ಕುರಿಮಂದೆಯ ಹಿಂದೆ ವರ್ಷದ ಬಹುಪಾಲು ಊರೂರು ತಿರುಗುವ ನಮ್ಮಂಥ ಮನೆಗಳ ಬಗ್ಗೆ ಬರೆದಿದ್ದೆ. ಸರ್ವೆಯವರು ಬಂದಾಗ ಬಾಗಿಲಿಗೆ ಬೀಗ. ಯಾರೂ ಇಲ್ಲ ಎಂದು ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ಹಾಗಾಗಿ ಎಷ್ಟೋ ಅಂಕಿಅಂಶಗಳಲ್ಲಿ ನೀನೂ ಅಪ್ಪನೂ ಇಲ್ಲವೇ ಇಲ್ಲ ಅವ್ವ.

ಓದಿ ಮುಗಿಸಿದ ಮೇಲೆ, ಧಾರವಾಡ ಕಡೆಯವರಾದ ಸಂಘದ ಅಧ್ಯಕ್ಷೆ ಸರ್ವಮಂಗಳ ಮೇಡಂ ಒಂದು ಪ್ರಶ್ನೆ ಕೇಳಿದರು. ಮಂದೆಯ ಜೊತೆ ಹೋಗದೆ ಊರಲ್ಲೇ ಉಳಿಯುವ ಮಕ್ಕಳನ್ನು ಯಾವ ಮನೆಯವರೆಂದು ಬರೆಯುತ್ತೀರಿ ಅಂತ. ಅಜ್ಜಿ ಮನೆಯವರೆಂಬ ಉತ್ತರ ನನ್ನ ಪ್ರಬಂಧದಲ್ಲೇ ಇತ್ತು. ಹೇಳಲು ಬಾಯಿ ತೆರೆದವಳಿಗೆ ನಮ್ಮೂರು ಬಿ.ದುರ್ಗದ ರಸ್ತೆ ಕಣ್ಣ ಮುಂದೆ ಬಂತು. ನೀನು ಪಾತ್ರೆಗಂಟು ಹೊತ್ತು ಮಂದೆಯ ಹಿಂದೆ ಹೊರಟಿದ್ದೆ. ನಾನು ಓಡಿಬಂದು ಸೆರಗು ಹಿಡಿದಿದ್ದೆ. ‘ಇಸ್ಕೂಲು ಬಿಟ್ಟು ಬರ್ತೀಯೇನೇ? ಅಜ್ಜಿ ಕಾಯ್ತಾ ಐತೆ, ಹೋಗು’ ಎಂದು ನೀನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದೆ. ಅಷ್ಟು ಜನ ವಿದ್ವಾಂಸರ ಎದುರು ಅತ್ತುಬಿಟ್ಟೆ. ‘ಆ ಮಕ್ಕಳು ಯಾವ ಮನೆಗೂ ಸೇರಲ್ಲ ಮೇಡಂ’ ಎಂದಷ್ಟೇ ಹೇಳಿ ಹೊರಗೆ ಬಂದುಬಿಟ್ಟೆ. ಅವಮಾನವಾದಂತಾಯಿತು. ಸ್ವಲ್ಪ ಹೊತ್ತಿಗೆ ಮೇಡಂ ತಾವೇ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕುಳಿತರು. ‘ಅಳ್ರಿ, ಅದಕ್ಕೇನಾತು? ಅತ್ತಾದ ಮ್ಯಾಲೆ ಇದನ್ನೂ ಬರೀರಿ’ ಅಂದರು.

ನಿನ್ನ ಮೇಲೆ ದೂರು ಹೇಳುತ್ತಿಲ್ಲ. ಅವತ್ತು ನೀನು ಕರೆದುಕೊಂಡು ಹೋಗಿದ್ದರೆ ನಾನು ಓದುತ್ತಲೇ ಇರಲಿಲ್ಲ, ಗೊತ್ತು. ಆದರೂ ಕಾಲೇಜಿಗೆ ಹೋಗುವಾಗ ಬಸ್ಸಿಗೆ ಕುರಿಗಳು ಅಡ್ಡ ಬಂದರೆ ಸಾಕು, ಕಿಟಕಿಯಿಂದ ಬಗ್ಗಿ ನಿನ್ನ ಮುಖ ಹುಡುಕುತ್ತೇನೆ. ನೀನು ಹಿರಿಯೂರಲ್ಲಿದ್ದೀಯ ಅಂತ ಗೊತ್ತಿದ್ದರೂ.

ಅಪ್ಪನಿಗೆ ಬೀಡಿ ಕಡಿಮೆ ಮಾಡಲು ಹೇಳು. ನಿಮ್ಮಿಬ್ಬರ ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು
ಸುಮಾ

ಮರೆತ ಮಾತು: ಇಂಥ ಮನೆಗಳನ್ನು ಲೆಕ್ಕಕ್ಕೆ ತರುವ ಕೆಲಸಕ್ಕೆ ಸಂಘದವರು ನನ್ನನ್ನು ದಿಲ್ಲಿಗೆ ಕರೆದಿದ್ದಾರೆ, ಎರಡು ವರ್ಷ. ಒಪ್ಪಿಕೊಂಡಿದ್ದೇನೆ. ಶಿವರಾತ್ರಿ ಕಳೆದ ಮೇಲೆ ಹೊರಡಬೇಕು. ಅದಕ್ಕೆ ಮುಂಚೆ ಒಂದು ವಾರ ನಿಮ್ಮ ಮಂದೆಗೆ ಬರುತ್ತೇನೆ. ಪ್ರಶ್ನೆ ಕೇಳುವುದಕ್ಕಲ್ಲ, ನಿನ್ನ ಪಕ್ಕ ಮಲಗುವುದಕ್ಕೆ. ಬೇಡ ಅನ್ನಬೇಡ ಅವ್ವ.