ಮಗ್ಗದ ಗುಂಡಿಗೆ ತೋರಿಸಿದ ಜಾಗ

ಪುಟ್ಟಬಸಮ್ಮನಿಗೆ ಮಾವನ ಆಶೀರ್ವಾದ.

ತಾಯಿ, ಹೊಳೆಬೀದಿಯಲ್ಲಿ ನಾವು ಬಾಡಿಗೆಗೆ ಕೊಟ್ಟಿದ್ದ ಮನೆಯ ಹಿಂದಿನ ಗೋಡೆ ಬೆಳಗ್ಗೆ ಬಿದ್ದುಹೋಯಿತು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ ಹೊಳೆನೀರು ಎದ್ದು ಗೋಡೆಯ ಬುಡ ಕರಗಿತಂತೆ. ಬೀದಿಬಾಗಿಲಲ್ಲಿ ನಿಂತರೆ ಮನೆಯೊಳಗಿಂದಲೇ ಹೊಳೆ ಕಾಣುತ್ತದೆ. ಕಣ್ಣಾರೆ ನೋಡಿ ಬಂದರೂ ನಂಬಲಾಗುತ್ತಿಲ್ಲ. ಗೋಡೆ ಹೊರಕ್ಕೆ ಬಿದ್ದದ್ದರಿಂದ ನೇಕಾರ ಚೌಡಪ್ಪ, ಹೆಂಡತಿ, ಮಕ್ಕಳು ಉಳಿದರು. ನಂಜುಂಡನ ದಯೆ.

ಅವರು ಇಲ್ಲಿಗೆ, ನಮ್ಮ ಮನೆಗೇ ಬರುತ್ತಾರೆ. ನಿನ್ನ ಅತ್ತೆ ಲಿಂಗೈಕ್ಯಳಾದಂದಿನಿಂದ ಬೀಗ ಹಾಕಿರುವ ಕೋಣೆಯನ್ನು ತೆಗೆದುಕೊಡು. ಅವಳ ಸೀರೆಗಳು ಬಟ್ಟೆ ಹಾಕುವ ಗಳುವಿನ ಮೇಲೆಯೇ ಇವೆ. ಚೌಡಪ್ಪನ ಹೆಂಡತಿ ನೆನೆದು ನಡುಗುತ್ತಿದ್ದಾಳೆ, ಒಂದನ್ನು ಉಡಲು ಕೊಡು. ಯಾವುದೆಂದು ನನ್ನನ್ನು ಕೇಳಬೇಡ.

ನೀನು ಮನೆಗೆ ಬರುವವರೆಗೆ ಕಾಯದೆ ನಾನು ಗಾಡಿ ಹೂಡಿಸಿಕೊಂಡು ಹೊಳೆಯ ಕೆಳಗಿನ ನರಸೀಪುರಕ್ಕೆ ಹೊರಟಿದ್ದೇನೆ. ಅಲ್ಲಿಯ ಬಾಡಿಗೆಮನೆಯಲ್ಲೂ ಗೋಡೆಯ ಬುಡದಲ್ಲೇ ಮಗ್ಗದ ಗುಂಡಿ ಇದೆ. ಏರಿದ ನೀರು ಅಲ್ಲಿಗೆ ಮುಟ್ಟುವ ಮೊದಲು ಆ ಮನೆಯವರನ್ನು ಹೊರಗೆ ಕಳಿಸಬೇಕು.

ಇನ್ನೊಂದು ಮಾತು. ಚೌಡಪ್ಪ ಬೀದಿಯವರೆದುರು ನನ್ನ ಕಾಲು ಹಿಡಿದು, "ತಪ್ಪು ನಂದೇ ಬುದ್ಧೀ, ಗುಂಡಿ ತೋಡ್ದೋನು ನಾನು. ಗ್ವಾಡೆ ನಾನೇ ಕಟ್ಟುಸ್ಕೊಡ್ತೀನಿ, ಮನೆ ಬುಡಿಸ್ಬ್ಯಾಡಿ" ಅಂದ. ನಾನು ಬಾಯಿ ಬಿಡದೆ ನಿಂತಿದ್ದೆ. ಅವನು ನಡುಮನೆಯಲ್ಲಿ ಗುಂಡಿ ತೋಡುತ್ತೇನೆಂದು ಕೇಳಿಕೊಂಡಿದ್ದ. ನೆಲ ಹಾಳಾಗುತ್ತದೆಂದು ಗೋಡೆಯ ಬುಡ ತೋರಿಸಿದವನು ನಾನು. ಎರಡು ಮನೆಯಲ್ಲೂ ನಾನೇ.

ಅವನು ಊಟಕ್ಕೆ ಕೂರುವ ಮೊದಲು ಅವನಿಗೆ ಇದನ್ನು ಓದಿ ಹೇಳು. ತಿರುಗಿ ಬಂದ ಮೇಲೆ ಹೊಳೆಬೀದಿಯಲ್ಲಿ ನಿಂತು ನಾನೇ ಹೇಳುತ್ತೇನೆ.